ಹೋಗಿ ಬಂದವರು ತಂದದ್ದೇನು?

ಮೊನ್ನೆ ಭಾನುವಾರ ಬೆಳಿಗ್ಗೆ ಚಿಕ್ಕಪ್ಪನ ಫೋನು. ಸಾಮಾನ್ಯವಾಗಿ ಅವರು ಫೋನ್ ಮಾಡುವುದು ಮಳೆ ಹೆಚ್ಚಾದಾಗ ಇಲ್ಲವೇ ಕಬ್ಬಿನ ಬಿಲ್ಲು ತಡವಾದಾಗ. ಈ ಸಲ ವಿಷಯ ಬೇರೆ ಇತ್ತು.

"ತಮ್ಮಾ, ನಿನ್ನ ತಂಗಿ ಕಾಲೇಜಿನಿಂದ ಒಂದು ಕಾಗದ ತಂದಾಳ. ಫಿನ್‌ಲ್ಯಾಂಡ್ ಅಂತ, ಎಲ್ಲೈತೋ ಏನೋ. ಅಲ್ಲಿ ಒಂದು ಸೆಮಿಸ್ಟರ್ ಓದಿ ಬರಬಹುದಂತ. ನಮ್ಮ ಮನಿತನದಾಗ ಹೋಗಿ ಬಂದಾಂವ ನೀನೊಬ್ಬನ. ಕಳಸೂದೋ ಬ್ಯಾಡೋ ನೀನ ಹೇಳು."

ತಟ್ಟನೆ ಉತ್ತರ ಬರಲಿಲ್ಲ. "ಸಂಜಿಕ ಫೋನ್ ಮಾಡ್ತೀನ್ರಿ ಕಾಕಾ" ಅಂದೆ. ಆ ಸಂಜೆ ಬಂದು ಹೋಯಿತು, ಮರುದಿನದ್ದೂ ಹೋಯಿತು. ತುಂಬಾ ದಿನದ ಮೇಲೆ ಇಲ್ಲಿ ಬರೆಯುತ್ತಿರುವುದು ಇದೇ ಕಾರಣಕ್ಕೆ. ಅವರಿಗೆ ಏನು ಹೇಳಬೇಕು ಅಂತ ನನಗೇ ತಿಳಿಯಾಗಬೇಕು.

ಗೊತ್ತಿಲ್ಲದವರಿಗೆ ನಮ್ಮೂರಿನ ಬಗ್ಗೆ ಎರಡು ಮಾತು. ತೇರಗಾಂವ ಇರುವುದು ಉತ್ತರ ಕನ್ನಡದ ಹಳಿಯಾಳ ತಾಲ್ಲೂಕಿನಲ್ಲಿ. ಉತ್ತರ ಕನ್ನಡ ಅಂದ ಕೂಡಲೇ ನೀವು ಸಮುದ್ರ, ಅಡಿಕೆ, ಯಕ್ಷಗಾನ ಅಂದುಕೊಂಡರೆ ತಪ್ಪು. ನಮ್ಮದು ಗಡಿಯ ಕಡೆಯ ಸೀಮೆ. ಒಂದು ಬದಿಗೆ ಧಾರವಾಡದ ಬಯಲು, ಇನ್ನೊಂದು ಬದಿಗೆ ದಾಂಡೇಲಿ, ಜೋಯಿಡಾದ ಕಾಡು. ಬೆಳೆ ಕಬ್ಬು, ಭತ್ತ, ಗೋವಿನಜೋಳ. ನಮ್ಮ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಇವೆರಡರ ಜೊತೆ ಕೊಂಕಣಿ. ಜಿಲ್ಲಾಕೇಂದ್ರ ಕಾರವಾರವಾದರೂ ಓದು, ಆಸ್ಪತ್ರೆ, ಬಟ್ಟೆಬರೆ ಎಲ್ಲಕ್ಕೂ ನಾವು ಹೋಗುವುದು ಧಾರವಾಡಕ್ಕೆ.

ಈಗ ನನ್ನ ಕಥೆ. 2018ರಲ್ಲಿ ಇಂಜಿನಿಯರಿಂಗ್ ಏಳನೇ ಸೆಮಿಸ್ಟರ್‌ಗೆ ನಾನು ಜರ್ಮನಿಯ ಡ್ರೆಸ್ಡೆನ್‌ಗೆ ಹೋದೆ. ವಿನಿಮಯದ ವಿದ್ಯಾರ್ಥಿಗೆ ಅಲ್ಲಿ ಬೋಧನಾ ಶುಲ್ಕ ಇರಲಿಲ್ಲ. ಆದರೆ ವೀಸಾ ಬೇಕೆಂದರೆ ತಿಂಗಳಿಗೆ 720 ಯೂರೋ ಲೆಕ್ಕದಲ್ಲಿ ಖರ್ಚಿನ ಹಣವನ್ನು ಮೊದಲೇ ಒಂದು ಖಾತೆಯಲ್ಲಿ ಕಟ್ಟಿಡಬೇಕಿತ್ತು. ಆರು ತಿಂಗಳಿಗೆ 4,320 ಯೂರೋ, ಆಗಿನ ದರದಲ್ಲಿ ಮೂರೂವರೆ ಲಕ್ಷಕ್ಕೂ ಮೇಲೆ. ಅಲ್ಲಿಗೆ ಹೋದ ಮೇಲೆ ಅದೇ ಹಣವನ್ನು ತಿಂಗಳಿಗಿಷ್ಟು ಅಂತ ನಮಗೇ ಬಿಡುತ್ತಾರೆ, ಆದರೆ ಹೋಗುವ ಮೊದಲು ಅಷ್ಟೂ ಕೈಯಲ್ಲಿರಬೇಕು. ಅಪ್ಪ ಆ ವರ್ಷದ ಕಬ್ಬಿನ ದುಡ್ಡು ಹಾಕಿ, ಸೊಸೈಟಿಯಲ್ಲಿ ಸಾಲ ತೆಗೆದು, ಉಳಿದದ್ದಕ್ಕೆ ಅವ್ವನ ಬಳೆ ಒತ್ತೆ ಇಟ್ಟರು.

ಓದು ಚೆನ್ನಾಗಿಯೇ ಆಯಿತು. ಅಕ್ಟೋಬರಿನಿಂದ ಫೆಬ್ರುವರಿವರೆಗೆ ತರಗತಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಎಲ್ಬೆ ನದಿಯ ಸೇತುವೆ ಮೇಲೆ ಗಾಳಿಗೆ ಕಿವಿ ಉದುರಿ ಬೀಳುತ್ತದೇನೋ ಅನ್ನುವಷ್ಟು ಚಳಿ. ಪಕ್ಕದ ರೂಮಿನ ಇರಾನಿ ಹುಡುಗನ ಜೊತೆ ಅನ್ನ ಮಾಡಿಕೊಂಡು ತಿಂದದ್ದು, ಪ್ರೊಫೆಸರ್ ಎದುರು "ನನಗೆ ಅರ್ಥ ಆಗಲಿಲ್ಲ" ಅಂತ ಜೀವನದಲ್ಲಿ ಮೊದಲ ಸಲ ಧೈರ್ಯವಾಗಿ ಹೇಳಿದ್ದು... ಅದನ್ನೆಲ್ಲ ಬರೆಯುತ್ತ ಕೂತರೆ ಮುಗಿಯುವುದಿಲ್ಲ.

ಎಡವಟ್ಟಾದದ್ದು ಬಂದ ಮೇಲೆ. ಜರ್ಮನಿಯಲ್ಲಿ ಅಂಕದ ಲೆಕ್ಕ ಉಲ್ಟಾ. 1.0 ಅಂದರೆ ಅತ್ಯುತ್ತಮ, 4.0 ಅಂದರೆ ಕಷ್ಟಪಟ್ಟು ಪಾಸು, 5.0 ಅಂದರೆ ಫೇಲು. ನನ್ನದು ಹೆಚ್ಚುಕಡಿಮೆ 1.7 ಇತ್ತು. ನಮ್ಮ ಕಾಲೇಜಿನ ಆಫೀಸಿನಲ್ಲಿ ಒಬ್ಬರು ಅದನ್ನು ನೋಡಿ "ಹತ್ತಕ್ಕೆ ಒಂದು ಪಾಯಿಂಟ್ ಏಳಾ?" ಅಂತ ಕೇಳಿದರು. ಅದು ತಮಾಷೆ, ಇರಲಿ. ನಿಜವಾದ ಪೆಟ್ಟು ಬೇರೆ. ಹೋಗುವಾಗ "ಅಲ್ಲಿಯ ಕ್ರೆಡಿಟ್ ಇಲ್ಲಿ ನಡೆಯುತ್ತದೆ" ಅಂತ ಬಾಯಿಮಾತಿನಲ್ಲಿ ಹೇಳಿದ್ದವರು, ಬಂದಾಗ "ಸಿಲೆಬಸ್ ಹೊಂದುವುದಿಲ್ಲ" ಅಂದರು. ಏಳನೇ ಸೆಮಿಸ್ಟರಿನ ಎಲ್ಲ ವಿಷಯಗಳನ್ನೂ ಮತ್ತೆ ಬರೆಯಬೇಕಾಯಿತು. ಕ್ಯಾಂಪಸ್‌ನಲ್ಲಿ ಸಿಗಬೇಕಿದ್ದ ಕೆಲಸ ತಪ್ಪಿತು. ಡಿಗ್ರಿ ಕೈಗೆ ಬಂದದ್ದು 2020ರ ಆರಂಭದಲ್ಲಿ, ಅದರ ಹಿಂದೆಯೇ ಲಾಕ್‌ಡೌನ್. ಊರಿನಲ್ಲಿ ಸುದ್ದಿ ಒಂದೇ ಸಾಲಿನದು: "ಫಾರಿನ್‌ಗೆ ಹೋಗಿ ನಪಾಸಾಗಿ ಬಂದಾನ."

ಆ ಲಾಕ್‌ಡೌನ್ ತಿಂಗಳುಗಳಲ್ಲಿ ಊರಿನ ನಿವೃತ್ತ ಕನ್ನಡ ಮಾಸ್ತರರ ಟ್ರಂಕಿನಲ್ಲಿದ್ದ ಪುಸ್ತಕಗಳನ್ನು ಒಂದೊಂದಾಗಿ ತಂದು ಓದತೊಡಗಿದೆ. ನನಗಿಂತ ಮೊದಲು ನಮ್ಮ ಕಡೆಯಿಂದ ಹೀಗೆ ಹೋಗಿ ಬಂದವರು ಯಾರು, ಅವರಿಗೇನಾಯಿತು ಅನ್ನುವ ಹುಡುಕಾಟ ಶುರುವಾದದ್ದು ಆಗ.

*

ಕನ್ನಡ ನಾಡಿನಿಂದ ಓದಲೆಂದು ಯುರೋಪಿಗೆ ಹೋದ ತೀರ ಮೊದಲಿಗರಲ್ಲಿ ಒಬ್ಬರು ಮಂಗಳೂರಿನ ಆನಂದರಾವ್ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ. 'ಮಂಗಳೂರ ಸಮಾಚಾರ' ತಂದ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅವರ ಪ್ರಭಾವದಿಂದ 1844ರಲ್ಲಿ ಕ್ರೈಸ್ತರಾದರು. 1846ರಲ್ಲಿ ಮೋಗ್ಲಿಂಗ್ ಜೊತೆ ಹೊರಟು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ ಮಿಷನ್ನಿನ ಸೆಮಿನರಿ ಸೇರಿದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಂದರೆ ಇವರು ಹೋದದ್ದು ಅದಕ್ಕೂ 23 ವರ್ಷ ಮೊದಲು! 1851ರಲ್ಲಿ ಪಾದ್ರಿಯಾಗಿ ಹಿಂತಿರುಗಿದರು. ಕೊಡಗಿನ ಆನಂದಪುರಕ್ಕೆ ಆ ಹೆಸರು ಬಂದದ್ದು ಇವರಿಂದ. ದುಡ್ಡು ಮಿಷನ್ನಿನದು, ಬಂದ ಮೇಲಿನ ಕೆಲಸವೂ ಮಿಷನ್ನಿನದೇ. ಆದರೆ ಹುಟ್ಟಿದ ಮನೆಯ ಬಾಗಿಲು ಮತಾಂತರದ ದಿನವೇ ಮುಚ್ಚಿತ್ತು.

ಧರ್ಮ ಬಿಡದೆ ಹೋದವರಿಗೂ ಬಾಗಿಲು ತೆರೆದಿರುತ್ತಿತ್ತು ಅಂತಲ್ಲ. 1888ರಲ್ಲಿ ಬ್ಯಾರಿಸ್ಟರ್ ಓದಲು ಹೊರಟ ಗಾಂಧಿಯನ್ನು ಮುಂಬಯಿಯಲ್ಲಿ ಅವರ ಜಾತಿಯವರೇ ಬಹಿಷ್ಕರಿಸಿದ್ದು ಎಲ್ಲರಿಗೂ ಗೊತ್ತು. ಅದೇ ಕಾಲದಲ್ಲಿ ನಮ್ಮ ಕರಾವಳಿಯ ಸಾರಸ್ವತರಲ್ಲಿಯೂ ವಿಲಾಯತಿಗೆ ಹೋಗಿ ಬಂದವರನ್ನು ಪಂಕ್ತಿಯಲ್ಲಿ ಕೂರಿಸಬೇಕೋ ಬೇಡವೋ ಅಂತ ವರ್ಷಗಟ್ಟಲೆ ಜಗಳ ನಡೆಯಿತು. ಆಗ ಹೋಗುವವನಿಗೆ ಇದ್ದ ಭಯ ಒಂದೇ: ಮರಳಿ ಬಂದಾಗ ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತಾರಾ? ನನ್ನ ಕ್ರೆಡಿಟ್ ಗೋಳು ಅದರ ಮುಂದೆ ಏನೂ ಅಲ್ಲ ನಿಜ. ಆದರೂ ಕಾಲೇಜಿನ ಆಫೀಸಿನ ಕಿಟಕಿಯ ಮುಂದೆ ನಿಂತಾಗ ನನ್ನಲ್ಲಿದ್ದದ್ದು ಅದೇ ಪ್ರಶ್ನೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಹಳಿಯಾಳ, ಯಲ್ಲಾಪುರದ ಕಾಡುಗಳಲ್ಲಿ ಸಮುದ್ರ ದಾಟಿದವರ ಇನ್ನೊಂದು ಕಥೆ ಇದೆ, ಸಿದ್ದಿಗಳದ್ದು. ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದ ಜನ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಘಟ್ಟದ ಈ ಕಾಡುಗಳಲ್ಲಿ ನೆಲೆ ನಿಂತರು. ಹೈಸ್ಕೂಲಿನಲ್ಲಿ ಪಕ್ಕದ ಬೆಂಚಿನ ಸಿದ್ದಿ ಗೆಳೆಯನಿಗೆ ನಾವು "ನೀವು ಯಾವಾಗ ಬಂದ್ರಿ?" ಅಂತ ಕೇಳುತ್ತಿದ್ದೆವು. ಅವನು "ನಿಮ್ಮ ಮುತ್ತಜ್ಜ ಯಾವಾಗ ಬಂದ?" ಅಂತ ತಿರುಗಿ ಕೇಳುತ್ತಿದ್ದ. ಇಲ್ಲಿಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ದೂರದ ದೇಶಕ್ಕೆ ಹೋಗಿ ಬರುವುದು ಅಂದರೆ ಟಿಕೆಟ್ಟಿನಲ್ಲಿ ಎರಡೂ ಕಡೆ ಇರುವುದು. ನಮ್ಮ ತಾಲ್ಲೂಕಿನಲ್ಲೇ ಒಂದೇ ಕಡೆಯ ಪ್ರಯಾಣ ಮಾಡಿಸಿಕೊಂಡವರಿದ್ದಾರೆ ಅನ್ನುವುದನ್ನು ಮರೆತು 'ಫಾರಿನ್' ಬಗ್ಗೆ ಬರೆಯಬಾರದು ಅಂತ ನನಗನ್ನಿಸುತ್ತದೆ.

*

ಇನ್ನು ಧಾರವಾಡದ ಸೀಮೆಗೆ ಬರೋಣ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಲ್ಲಿಂದ ನಮ್ಮ ಕಡೆಯ ಹುಡುಗರ ಓದಿನ ದಾರಿ ಹೆಚ್ಚುಕಡಿಮೆ ಗೊತ್ತಾದದ್ದೇ: ಧಾರವಾಡ, ಪುಣೆ, ಮುಂಬಯಿ. ಅದರಾಚೆ ಹಡಗು.

ಆ ದಾರಿಯಲ್ಲಿ ಹೋದ ದೊಡ್ಡ ಹೆಸರು ವಿ.ಕೃ. ಗೋಕಾಕ್. ಸವಣೂರಿನವರು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದಾಗ ಡೆಕ್ಕನ್ ಎಜುಕೇಶನ್ ಸೊಸೈಟಿ ಅವರನ್ನು 1936ರಲ್ಲಿ ಆಕ್ಸ್‌ಫರ್ಡಿಗೆ ಕಳಿಸಿತು. ಅಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಮೊದಲ ದರ್ಜೆ ಪಡೆದು 1938ರಲ್ಲಿ ಹಿಂತಿರುಗಿದರು. ಆ ದರ್ಜೆಯನ್ನು ಈಗ ಯಾರು ನೆನಪಿಟ್ಟಿದ್ದಾರೆ ಹೇಳಿ? ಉಳಿದದ್ದು 'ಸಮುದ್ರದಾಚೆಯಿಂದ' ಎಂಬ ಪ್ರವಾಸ ಕಥನ ಮತ್ತು 1940ರಲ್ಲಿ ಬಂದ 'ಸಮುದ್ರ ಗೀತಗಳು'. ಬಯಲುಸೀಮೆಯ ಮನುಷ್ಯ ದಿನಗಟ್ಟಲೆ ನೀರಿನ ಮೇಲೆ ಇದ್ದದ್ದೇ ಕನ್ನಡಕ್ಕೆ ಒಂದು ಲಾಭವಾಯಿತು. ನಾನು ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿ ಮರುದಿನ ರಾತ್ರಿಗೆಲ್ಲ ಡ್ರೆಸ್ಡೆನ್‌ನಲ್ಲಿದ್ದೆ. ದಾರಿಯಲ್ಲಿ ನೋಡಿದ್ದು ಎರಡು ಸಿನಿಮಾ.

ಇಂಜಿನಿಯರುಗಳ ಕಥೆ ಇಲ್ಲವೇ ಅಂದಿರಾ? ಇದೆ. ರಾಜೇಶ್ವರಿ ಚಟರ್ಜಿ, ಮೈಸೂರಿನ ಕಡೆಯವರು, 1922ರಲ್ಲಿ ಹುಟ್ಟಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ವಯಸ್ಸು ಇಪ್ಪತ್ತೈದರ ಆಸುಪಾಸು, ಒಂಟಿ ಹೆಣ್ಣುಮಗಳು, ದೇಶ ಸ್ವತಂತ್ರವಾದ ವರ್ಷ. ಎಂ.ಎಸ್. ಆದ ಮೇಲೆ ವಾಷಿಂಗ್ಟನ್ನಿನಲ್ಲಿ ತರಬೇತಿ, ಮತ್ತೆ ಮಿಷಿಗನ್, 1953ರಲ್ಲಿ ಪಿಎಚ್‌ಡಿ ಮುಗಿಸಿ ಅದೇ ವಿಜ್ಞಾನ ಸಂಸ್ಥೆಗೆ ಅಧ್ಯಾಪಕಿಯಾಗಿ ಬಂದರು. ಮೈಕ್ರೋವೇವ್ ಮತ್ತು ಆಂಟೆನಾ ವಿಷಯದಲ್ಲಿ ಅವರ ಕೈಕೆಳಗೆ ಓದಿದವರು ಎಷ್ಟೋ ಜನ. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತ ಅವರನ್ನು ಕರೆಯುತ್ತಾರೆ. ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಓದಿದ ನನಗೆ ಒಬ್ಬ ಮೇಷ್ಟರೂ ಈ ಹೆಸರು ಹೇಳಲಿಲ್ಲ!

ಆಮೇಲೆ ಬರುವವರು ನಮ್ಮವರೇ. ಮಾಸ್ತರರ ಟ್ರಂಕಿನಿಂದ ನಾನು ತಂದ ಎರಡನೆಯ ಪುಸ್ತಕ ಶಾಂತಿನಾಥ ದೇಸಾಯಿಯವರ 'ಮುಕ್ತಿ'. ಹಿಂದೆ ಲೇಖಕರ ಪರಿಚಯದಲ್ಲಿ ಜನನ: 1929, ಹಳಿಯಾಳ. ನಾನು ಎರಡು ಸಲ ಓದಿದೆ. ವಾರಕ್ಕೆರಡು ಸಲ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತಿದ್ದ ಊರು! ಹತ್ತನೇ ತರಗತಿವರೆಗೆ ಅದೇ ತಾಲ್ಲೂಕಿನಲ್ಲಿ ಓದಿದ ನನಗೆ, ನವ್ಯ ಕಾದಂಬರಿಯ ಆರಂಭದ ಹೆಸರುಗಳಲ್ಲೊಂದು ನಮ್ಮೂರ ಪಕ್ಕದ್ದು ಅಂತ ತಿಳಿದದ್ದು ಇಪ್ಪತ್ಮೂರನೇ ವಯಸ್ಸಿನಲ್ಲಿ.

ದೇಸಾಯಿ ಧಾರವಾಡ, ಮುಂಬಯಿಗಳಲ್ಲಿ ಓದಿ, ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿಯೂ ಕಲಿತು ಬಂದವರು. ಆ ಕಾಲದಲ್ಲಿ ಹಳಿಯಾಳದ ಕಡೆಯಿಂದ ಮುಂಬಯಿ ಅಂದರೇ ಸಣ್ಣ ಮಾತಲ್ಲ. ಅಳ್ನಾವರದಲ್ಲಿ ಮೀಟರ್ ಗೇಜ್ ರೈಲು ಹತ್ತಿ ಪುಣೆವರೆಗೆ ಹೋಗಬೇಕು, ಅಲ್ಲಿ ಇಳಿದು ಗಂಟುಮೂಟೆ ಸಮೇತ ಬ್ರಾಡ್‌ಗೇಜ್ ಗಾಡಿ ಹತ್ತಬೇಕು. ಆಮೇಲೆ ಹಡಗಿನ ಮಾತು. ಅವರ 'ಕ್ಷಿತಿಜ' ಕಥೆ ನಡೆಯುವುದೇ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ. ಓದಲೆಂದು ಒಬ್ಬಳೇ ಹೊರಟ ಮಂದಾಕಿನಿ ಎಂಬ ಹುಡುಗಿಯ ಕಥೆ. ಊರು ಕೈಬಿಟ್ಟಿದೆ, ಇಂಗ್ಲೆಂಡು ಇನ್ನೂ ಬಂದಿಲ್ಲ. ಸುತ್ತ ಬರೀ ನೀರು. ಮನೆಯಲ್ಲಿ ಕಲಿಸಿದ ಕಟ್ಟುಗಳನ್ನು ಇಲ್ಲಿ ಪಾಲಿಸಬೇಕಾ, ಯಾರು ನೋಡುತ್ತಾರೆ, ನಾನೇ ನೋಡುತ್ತೇನಲ್ಲ... ಈ ತಳಮಳ ಡ್ರೆಸ್ಡೆನ್‌ನ ಹಾಸ್ಟೆಲಿನಲ್ಲಿ ನನಗೂ ಆಗಿತ್ತು. ಮೊದಲ ತಿಂಗಳು ಪ್ರತಿ ಸಲ ಊಟದ ತಟ್ಟೆ ಎದುರಿಗೆ ಕೂತಾಗ ಅವ್ವನ ಮುಖ. ಅದನ್ನು ಯಾರಿಗೂ ಹೇಳಲು ಬಂದಿರಲಿಲ್ಲ. ಹಳಿಯಾಳದವರೊಬ್ಬರು ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಹೇಳಿ ಮುಗಿಸಿದ್ದರು.

ದೇಸಾಯಿ ಮುಂದೆ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾದರು, ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ತೀರಿಕೊಂಡದ್ದು 1998ರಲ್ಲಿ. ಅವರ ಕೊನೆಯ ಕಾದಂಬರಿ 'ಓಂ ಣಮೋ' ಬಂದದ್ದು ಅವರು ಹೋದ ಮೇಲೆ, 2000ದಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿ ಹಡಗು ತಿರುಗಿದೆ! ಇಂಗ್ಲೆಂಡಿನಿಂದ ಇಬ್ಬರು ಯುವ ಸಂಶೋಧಕರು ಜೈನರ ಬದುಕನ್ನು ಅರಿಯಲು ಇಲ್ಲಿಗೆ ಬರುತ್ತಾರೆ. ಹೋದವರ ಕಥೆ ಬರೆದ ಲೇಖಕ ಕೊನೆಗೆ ಬಂದವರ ಕಥೆ ಬರೆದರು.

ಅದೇ 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಐವತ್ತರ ದಶಕದಲ್ಲಿ ನಮ್ಮ ನೆರೆಯ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ, ಆ ಸೀಮೆಯ ಜನಪದ ಕಥೆಗಳನ್ನು ಸಂಗ್ರಹಿಸುತ್ತಿದ್ದರು. 1959ರಲ್ಲಿ ಫುಲ್‌ಬ್ರೈಟ್ ಸಿಕ್ಕಿ ಅಮೆರಿಕದ ಇಂಡಿಯಾನಾಕ್ಕೆ ಹೋದರು. ಅಲ್ಲಿಂದ ಷಿಕಾಗೋ. ಮರಳಿ ಬರಲಿಲ್ಲ, 1993ರಲ್ಲಿ ಅಲ್ಲೇ ತೀರಿಕೊಂಡರು. ಆದರೆ ವಚನಗಳನ್ನು ಜಗತ್ತು ಓದಿದ್ದು ಅವರ 1973ರ ಅನುವಾದದಿಂದ. ಇತ್ತ ಯು.ಆರ್. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋಗಿ ಪಿಎಚ್‌ಡಿ ಮಾಡಿದರು. ಆದರೆ ಅಲ್ಲಿ ಕೂತು ಬರೆದದ್ದು 'ಸಂಸ್ಕಾರ'. ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡಿದ ಮೇಲೆ ಅದು ಹೊಳೆಯಿತು ಅಂತ ಅವರೇ ಹೇಳಿಕೊಂಡಿದ್ದರು. ಭಾಷೆ ಅರ್ಥವಾಗದ ಸಿನಿಮಾ ನೋಡಿ ದೂರ್ವಾಸಪುರದ ಅಗ್ರಹಾರ ಕಂಡಿತು. ಯಾವ ಸಿಲೆಬಸ್ಸಿನಲ್ಲಿದೆ ಇದು?

*

ಇಷ್ಟು ಓದುವಷ್ಟರಲ್ಲಿ ನನಗೆ ಒಂದು ಸಮಾಧಾನ ಸಿಕ್ಕಿತ್ತು. ಡಿಗ್ರಿ ಬರೀ ನೆಪ, ನಿಜವಾಗಿ ತರುವುದು ಬೇರೆ ಏನೋ ಅಂತ. ಒಳ್ಳೆಯ ಮಾತು. ಆದರೆ ಇಂಜಿನಿಯರ್ ಬುದ್ಧಿ ಸುಮ್ಮನಿರಲಿಲ್ಲ. ಒಂದು ಹಾಳೆ ತೆಗೆದು ಎರಡು ಕಾಲಂ ಹಾಕಿದೆ. ಮೊದಲನೆಯದು, ದುಡ್ಡು ಕೊಟ್ಟವರು ಯಾರು? ಕೌಂಡಿನ್ಯರಿಗೆ ಮಿಷನ್. ಗೋಕಾಕರಿಗೆ ಡೆಕ್ಕನ್ ಎಜುಕೇಶನ್ ಸೊಸೈಟಿ. ರಾಜೇಶ್ವರಿಯವರಿಗೆ ಸರ್ಕಾರ. ರಾಮಾನುಜನ್‌ಗೆ ಫುಲ್‌ಬ್ರೈಟ್, ಅನಂತಮೂರ್ತಿಯವರಿಗೆ ಕಾಮನ್‌ವೆಲ್ತ್. ಎರಡನೆಯದು, ಬಂದಾಗ ಕಾಯುತ್ತಿದ್ದವರು ಯಾರು? ಒಂದು ಮಿಷನ್, ಒಂದು ಕಾಲೇಜು, ಒಂದು ವಿಜ್ಞಾನ ಸಂಸ್ಥೆ. ನನ್ನ ಸಾಲು ಬಂದಾಗ ಮೊದಲ ಕಾಲಂನಲ್ಲಿ 'ಅಪ್ಪ, ಸೊಸೈಟಿ, ಅವ್ವನ ಬಳೆ' ಅಂತ ಬರೆದೆ. ಎರಡನೆಯದು ಖಾಲಿ.

ಅಂದರೆ ನಾವು ಹೋಗಿದ್ದೇ ಬೇರೆ ರೀತಿಯ ಪ್ರಯಾಣ. ಒಂದು ಸೆಮಿಸ್ಟರ್ ಹೋಗಿ ಬರುವ ಈ ಪದ್ಧತಿಯ ಹುಟ್ಟೇ ಇತ್ತೀಚಿನದು. 1923ರಲ್ಲಿ ಅಮೆರಿಕದ ಡೆಲಾವೇರ್ ವಿಶ್ವವಿದ್ಯಾಲಯದ ಅಧ್ಯಾಪಕ ರೇಮಂಡ್ ಕರ್ಕ್‌ಬ್ರೈಡ್ ಎಂಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಫ್ರಾನ್ಸಿಗೆ ಹೋದರು. ಅಲ್ಲಿ ಓದಿದ್ದು ಇಲ್ಲಿಯ ಡಿಗ್ರಿಗೆ ಸೇರಬೇಕು ಅನ್ನುವುದು ಅದರ ಮುಖ್ಯ ಅಂಶ. ಯುರೋಪಿನಲ್ಲಿ ಎರಾಸ್ಮಸ್ ಶುರುವಾದದ್ದು 1987ರಲ್ಲಿ, ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು. ಅದಾದ ಎರಡೇ ವರ್ಷಕ್ಕೆ ಅವರು ಕ್ರೆಡಿಟ್ ಅಳೆಯುವ ಒಂದು ಸಮಾನ ಅಳತೆ ತಂದರು, ಸೆಮಿಸ್ಟರಿಗೆ 30. ಯಾಕೆಂದರೆ ಹುಡುಗರನ್ನು ಕಳಿಸುವುದು ಸುಲಭ, ಅವರು ಕಲಿತದ್ದನ್ನು ಒಳಗೆ ತೆಗೆದುಕೊಳ್ಳುವುದು ಕಷ್ಟ ಅಂತ ಅವರಿಗೆ ಬೇಗ ಗೊತ್ತಾಯಿತು. ನಮ್ಮಲ್ಲಿ ಯುಜಿಸಿ ವಿದೇಶಿ ಕ್ರೆಡಿಟ್ಟಿಗೆ ಸ್ಪಷ್ಟ ನಿಯಮ ತಂದದ್ದು 2022ರಲ್ಲಿ. ಟ್ವಿನ್ನಿಂಗ್ ಕೋರ್ಸಿನಲ್ಲಿ ಅಂಥ ಕ್ರೆಡಿಟ್ ಒಟ್ಟು ಶೇ. 30ರವರೆಗೆ ಇರಬಹುದು. ನಾನು ಬಂದದ್ದು 2019ರಲ್ಲಿ!

ಒಳಗೆ ತೆಗೆದುಕೊಳ್ಳುವುದು ಹೇಗೆ ಅನ್ನುವುದಕ್ಕೆ ನಾನು ಕಂಡ ಒಳ್ಳೆಯ ಉದಾಹರಣೆ ನಮ್ಮ ನೆರೆಯಲ್ಲೇ ಇದೆ, ಮುಂಡಗೋಡಿನಲ್ಲಿ. 1966ರಲ್ಲಿ ಅಲ್ಲಿ ಟಿಬೆಟಿಯನ್ನರ ಕ್ಯಾಂಪ್ ಆಯಿತು. ಕೆಲವು ವರ್ಷಗಳಲ್ಲೇ ಲಾಸಾದ ದೊಡ್ಡ ಮಠಗಳಾದ ಡ್ರೆಪುಂಗ್ ಮತ್ತು ಗಾಂಡೆನ್ ಅಲ್ಲಿ ಮತ್ತೆ ಎದ್ದವು. ನಾವು ಸಣ್ಣವರಿದ್ದಾಗ ಮುಂಡಗೋಡ ಅಂದರೆ ಸ್ವೆಟರ್, ಮೊಮೊ, ಕೆಂಪು ಬಟ್ಟೆಯ ಲಾಮಾಗಳು, ಅಷ್ಟೇ. ಆದರೆ 1998ರಿಂದಲೇ ಅಮೆರಿಕದ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯಕ್ಕೂ ಡ್ರೆಪುಂಗ್ ಲೋಸೆಲಿಂಗ್ ಮಠಕ್ಕೂ ನಂಟು ಬೆಳೆದಿತ್ತು. 2006ರಲ್ಲಿ ಭಿಕ್ಷುಗಳಿಗೆ ವಿಜ್ಞಾನ ಕಲಿಸುವ ಯೋಜನೆ ಶುರುವಾಯಿತು. 2010ರಲ್ಲಿ ಮಠಗಳಿಂದ ಆಯ್ದ ಭಿಕ್ಷುಗಳ ಮೊದಲ ತಂಡ ಎಮೊರಿಗೆ ಹೋಗಿ ಅಲ್ಲಿಯ ಹುಡುಗ ಹುಡುಗಿಯರ ಜೊತೆ ಬೆಂಚಿನಲ್ಲಿ ಕೂತು ಭೌತಶಾಸ್ತ್ರ, ಜೀವಶಾಸ್ತ್ರ ಕಲಿಯಿತು. ಟಿಬೆಟಿನಿಂದ ಬಂದವರಿಗೆ ಪಾಸ್‌ಪೋರ್ಟ್ ಇರುವುದಿಲ್ಲ ಅನ್ನುವುದನ್ನು ಗಮನಿಸಿ. ಭಾರತ ಸರ್ಕಾರ ಕೊಡುವ ಗುರುತಿನ ಹಳದಿ ಪುಸ್ತಕ ಹಿಡಿದು ಹೋಗಬೇಕು. ನನ್ನ ಪೊಲೀಸ್ ವೆರಿಫಿಕೇಶನ್ನಿಗೆ ಹದಿನೈದು ದಿನ ಆಯಿತು ಅಂತ ನಾನು ಕೂಗಾಡಿದ್ದೆ.

ಮುಖ್ಯ ವಿಷಯ ಇರುವುದು ಅವರು ಬಿಟ್ಟು ಬಂದ ಕಡೆ. ಅವರು ಅಲ್ಲಿ ಓದುತ್ತಿರುವಾಗ ಇಲ್ಲಿ ತಯಾರಿ ನಡೆದಿತ್ತು. ವಿಜ್ಞಾನದ ಪಠ್ಯಗಳನ್ನು ಎರಡು ಭಾಷೆಯಲ್ಲಿ ಅಚ್ಚು ಹಾಕಿದರು. ಟಿಬೆಟಿ ಭಾಷೆಯಲ್ಲಿ ಇರದ ಪದಗಳನ್ನು ಅನುವಾದಕರು ಕೂತು ಕಟ್ಟಿದರು. 2013ರ ಜನವರಿಯಲ್ಲಿ ದಲೈ ಲಾಮಾ ಮತ್ತು ವಿಜ್ಞಾನಿಗಳ ಸಂವಾದ ಇದೇ ಡ್ರೆಪುಂಗ್‌ನಲ್ಲಿ ವಾರವಿಡೀ ನಡೆಯಿತು. 2014ರಿಂದ ದೊಡ್ಡ ಮಠಗಳಲ್ಲಿ ವಿಜ್ಞಾನದ ಆರು ವರ್ಷದ ಪಾಠ ಶುರುವಾಯಿತು. 2017ರ ಡಿಸೆಂಬರಿನಲ್ಲಿ ಧ್ಯಾನ ಮತ್ತು ವಿಜ್ಞಾನ ಕೇಂದ್ರವೇ ಬಂತು. ಹೋದವರು ಹಿಂತಿರುಗಿ ಮಠಗಳಲ್ಲಿ ಕಲಿಸಿದರು. ಶತಮಾನಗಳಿಂದ ಬದಲಾಗದ ಪಠ್ಯಕ್ರಮ ಅಂತ ನಾವು ಅಂದುಕೊಳ್ಳುವ ಮಠ ತನ್ನ ಸಿಲೆಬಸ್ ಬದಲಿಸಿಕೊಂಡಿತು. "ಸಿಲೆಬಸ್ ಹೊಂದುವುದಿಲ್ಲ" ಅಂತ ಅವರು ಅನ್ನಲಿಲ್ಲ.

ಕಿಟೆಲ್ಲರ ವಿಷಯ ಒಂದು ಉಳಿದಿದೆ. 1853ರಲ್ಲಿ ಜರ್ಮನಿಯಿಂದ ಬಂದು, ನಮ್ಮ ಧಾರವಾಡ ಸೀಮೆಯಲ್ಲೂ ಓಡಾಡಿ, 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳ ಕನ್ನಡ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. 2018ರ ಕ್ರಿಸ್‌ಮಸ್ ರಜೆಯಲ್ಲಿ ನಾನು ಸ್ಟುಟ್‌ಗಾರ್ಟಿನ ಗೆಳೆಯರ ರೂಮಿನಲ್ಲಿ ನಾಲ್ಕು ದಿನ ಬಿದ್ದುಕೊಂಡಿದ್ದೆ. ಅಲ್ಲಿಂದ ಟ್ಯೂಬಿಂಗನ್ ಸುಮಾರು ಒಂದು ತಾಸಿನ ರೈಲು. ನಾನು ಹೋಗಲಿಲ್ಲ, ಯಾಕೆಂದರೆ ಗೊತ್ತಿರಲಿಲ್ಲ. ಕಾರು ಮ್ಯೂಸಿಯಂ ನೋಡಿ ಬಂದೆ. ಕಳೆದುಹೋದ ವರ್ಷಕ್ಕಿಂತ ನನಗೆ ಈಗ ಹೆಚ್ಚು ಚುಚ್ಚುವುದು ಇದು. ಆ ವರ್ಷಕ್ಕೆ ಬೇರೆಯವರನ್ನು ಬೈಯಬಹುದು, ಇದಕ್ಕೆ ಯಾರನ್ನು ಬೈಯಲಿ?

*

ಬುಧವಾರ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿದ್ದರು, ಅಪ್ಪನೂ ಅಲ್ಲೇ ಕೂತಿದ್ದರು ಅನ್ನುವುದು ಕೆಮ್ಮಿನಿಂದ ಗೊತ್ತಾಯಿತು.

"ಕಳಸ್ರಿ ಕಾಕಾ. ಆದ್ರ ಮೂರು ಮಾತು" ಅಂದೆ. ಒಂದು, ಅಲ್ಲಿ ತೆಗೆದುಕೊಳ್ಳುವ ಪ್ರತಿ ವಿಷಯ ಇಲ್ಲಿಯ ಯಾವ ವಿಷಯಕ್ಕೆ ಸಮ ಅಂತ ಕಾಲೇಜು ಮತ್ತು ವಿಶ್ವವಿದ್ಯಾಲಯ ಎರಡೂ ಸಹಿ ಹಾಕಿದ ಕಾಗದ ಕೈಗೆ ಬರುವವರೆಗೆ ಟಿಕೆಟ್ ತೆಗೆಸಬೇಡಿ, ಬಾಯಿಮಾತು ನಂಬಬೇಡಿ. ಎರಡು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕದೆ ಹೊಲದ ಮೇಲೆ ಸಾಲ ಬೇಡ. ಕಡಿಮೆ ಬಿದ್ದದ್ದು ನಾನು ಕೊಡುತ್ತೇನೆ. ಮೂರು, ಹೋಗುವ ಮೊದಲು ತಂಗಿ ಎರಡು ದಿನ ಬೆಂಗಳೂರಿಗೆ ಬಂದು ನನ್ನ ಜೊತೆ ಇರಲಿ, ಕೆಲವು ಪುಸ್ತಕ ಕೊಡಬೇಕು.

"ಪುಸ್ತಕ ಯಾಕೋ? ಅಲ್ಲಿ ಸಿಗೂದಿಲ್ಲೇನು?" ಅಂದರು ಚಿಕ್ಕಪ್ಪ.

"'ಕ್ಷಿತಿಜ' ಸಿಗೂದಿಲ್ರಿ."

ಆಮೇಲೆ, ಇಷ್ಟು ವರ್ಷ ಕೇಳದೆ ಬಿಟ್ಟದ್ದನ್ನು ಕೇಳಿಯೇಬಿಟ್ಟೆ. "ಅಪ್ಪಾ, ನಾನು ಹೋಗಿ ಬಂದದ್ದು ದಂಡ ಅನ್ನಿಸ್ತೇನ್ರಿ ನಿಮಗ?" ಸೊಸೈಟಿ ಸಾಲ ತೀರಿದ್ದು 2022ರಲ್ಲಿ, ಬಳೆ ಬಿಡಿಸಿದ್ದು ಅದಕ್ಕೂ ಆರು ತಿಂಗಳು ಮೊದಲು. ನಾನು ಬಂದ ದಿನ ಅಪ್ಪ ಕೇಳಿದ್ದು "ಏನ್ ತಂದಿ?" ಅಂತ. ನಾನು ಚಾಕೊಲೇಟ್ ಡಬ್ಬಿ ಕೊಟ್ಟಿದ್ದೆ. ಆಮೇಲೆ ಅವರು ಆ ಮಾತು ಎತ್ತಿರಲಿಲ್ಲ.

ಸ್ವಲ್ಪ ಹೊತ್ತು ಬರೀ ಕೆಮ್ಮು. "ಒಂದು ಹಂಗಾಮ ಕೆಟ್ಟರ ಹೊಲ ಮಾರತಾರೇನು? ಆ ಕೂಸಿಗೆ ಇಷ್ಟೆಲ್ಲಾ ಹೇಳಾಕ ಬಂತಲ್ಲ ನಿನಗ. ಅಷ್ಟು ತಂದಿ" ಅಂದರು. ಆಮೇಲೆ ಮಳೆಯ ಮಾತಿಗೆ ಹೋದರು.

ತಂಗಿ ಮುಂದಿನ ವಾರ ಬರುತ್ತಾಳೆ. ನಿಮ್ಮೂರಿನಿಂದಲೂ ಹಿಂದೆ ಯಾರಾದರೂ ಹೀಗೆ ಓದಲು ಹೋಗಿ ಬಂದಿದ್ದರೆ, ಅದರಲ್ಲೂ ಹಳಿಯಾಳ, ಮುಂಡಗೋಡ, ಜೋಯಿಡಾ ಕಡೆಯವರಾದರೆ, ದಯವಿಟ್ಟು ಬರೆಯಿರಿ. ಯಾರು ದುಡ್ಡು ಕೊಟ್ಟರು, ಬಂದಾಗ ಯಾರು ಕಾಯುತ್ತಿದ್ದರು ಅನ್ನುವುದನ್ನೂ ಮರೆಯದೆ ತಿಳಿಸಿ. ನನ್ನ ಹಾಳೆಯಲ್ಲಿ ಇನ್ನೂ ಜಾಗ ಇದೆ.